ಬಾಡಿಗೆ ಮನೆಯ ಅಡುಗೆಮನೆ: ಹಚ್ಚುವ ಮೊದಲು ಬಿಚ್ಚುವುದನ್ನು ಯೋಚಿಸಿ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಓನರ್ ಕೆಳಗಡೆಯೇ ಇದ್ದಾರೆ. ಒಳ್ಳೆಯವರು, ಆದರೆ ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಮೊದಲ ದಿನವೇ ಹೇಳಿದ್ದಾರೆ. ಅಡುಗೆಮನೆ ಹಳೆಯದು, ಹಗಲಲ್ಲೂ ಕತ್ತಲು. ಇರುವುದು ಒಂದೇ ಟ್ಯೂಬ್‌ಲೈಟು, ಎರಡೇ ಪ್ಲಗ್ ಪಾಯಿಂಟು. ಒಗ್ಗರಣೆ ಹಾಕಿದರೆ ಹಾಲ್‌ವರೆಗೂ ಹೊಗೆ. ಕಡಪಾ ಕಲ್ಲಿನ ಕಟ್ಟೆ ತಗ್ಗು, ಶೆಲ್ಫುಗಳಿಗೆ ಬಾಗಿಲಿಲ್ಲ, ಗೋಡೆಗೆ ಮಾಸಿದ ಗುಲಾಬಿ ಬಣ್ಣದ ಟೈಲ್ಸ್. ಮುಂದಿನ ತಿಂಗಳು ಮಂಡ್ಯದಿಂದ ನಮ್ಮ ಅತ್ತೆ ಬಂದು ಜೊತೆಯಲ್ಲೇ ಇರುತ್ತಾರೆ. ಅವರಿಗೆ ಮಂಡಿನೋವು. 15,000 ರೂಪಾಯಿ ಒಳಗೆ ಏನು ಮಾಡಬಹುದು? ಟೈಲ್ಸ್‌ಗೆ ಪೇಂಟ್ ಮಾಡಿಸಲಾ, ಸ್ಟಿಕ್ಕರ್ ಹಚ್ಚಲಾ? ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿದುಕೊಳ್ಳುವ ಹಾಗಾಗಬಾರದು.

ಉತ್ತರ: ನಿಮ್ಮ ಪತ್ರದಲ್ಲಿ ಕತ್ತಲು ಮೊದಲು ಬಂದಿದೆ, ಆಮೇಲೆ ಹೊಗೆ, ಕೊನೆಗೆ ಟೈಲ್ಸ್ ಬಣ್ಣ. ಕೆಲಸವೂ ಅದೇ ಸಾಲಿನಲ್ಲಿ ನಡೆಯಲಿ. ತುಂಬಾ ಜನ ಮೊದಲು ಟೈಲ್ಸ್ ಮುಚ್ಚಲು ಹೊರಡುತ್ತಾರೆ. ದುಡ್ಡೆಲ್ಲ ಅಲ್ಲೇ ಕರಗುತ್ತದೆ. ಅಡುಗೆ ಮಾಡುವವರ ಕಣ್ಣು, ಸೊಂಟ, ಮಂಡಿಗೆ ಏನೂ ಸಿಗುವುದಿಲ್ಲ.

ಟೈಲ್ಸ್‌ಗೆ ಪೇಂಟ್ ಬೇಡವೇ ಬೇಡ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಟೈಲ್ಸ್ ಮೇಲೆ ನಿಲ್ಲುವಂಥ ಎಪಾಕ್ಸಿ ಪೇಂಟ್ ಒಮ್ಮೆ ಗಟ್ಟಿಯಾದರೆ ಬಿಡಿಸಲು ಬಲವಾದ ಕೆಮಿಕಲ್ ಬೇಕು. ಟೈಲ್ಸ್ ನಡುವಿನ ಸಿಮೆಂಟಿಗೆ ಇಳಿದದ್ದು ಪೂರ್ತಿ ಹೋಗುವುದೂ ಇಲ್ಲ. ಬಾಡಿಗೆ ಮನೆಯಲ್ಲಿ ಯಾವ ವಸ್ತು ತಂದರೂ ಇದು ಹೇಗೆ ಕೂರುತ್ತದೆ ಅನ್ನುವುದಕ್ಕಿಂತ ಮುಂಚೆ ಇದು ಹೇಗೆ ಹೊರಗೆ ಬರುತ್ತದೆ ಅಂತ ಕೇಳಬೇಕು. ಅದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಆ ವಸ್ತು ಅಂಗಡಿಯಲ್ಲೇ ಇರಲಿ.

ಮೊದಲು ಬೆಳಕು. ನಮ್ಮ ಕಡೆ ವಾಸ್ತು ನೋಡಿ ಅಡುಗೆಮನೆಯನ್ನು ಆಗ್ನೇಯ ಮೂಲೆಗೆ ಇಡುತ್ತಾರೆ. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಬೆಳಗ್ಗೆ ಕಿಟಕಿಯಿಂದ ಎದುರಿಗೇ ಬಿಸಿಲು ಬೀಳುತ್ತದೆ, ಚೆನ್ನಾಗಿರುತ್ತದೆ. ಪಕ್ಕದ ಸೈಟಿನಲ್ಲಿ ಮಹಡಿ ಎದ್ದಿದ್ದರೆ ಅದೂ ಇಲ್ಲ. ಟ್ಯೂಬ್‌ಲೈಟನ್ನು ಮಾತ್ರ ಹಿಂದಿನ ಗೋಡೆಯಲ್ಲಿ, ಬಾಗಿಲ ಮೇಲೆ ಹಾಕಿರುತ್ತಾರೆ. ಸಾಯಂಕಾಲ ನೀವು ಕಟ್ಟೆ ಮುಂದೆ ನಿಂತರೆ ನಿಮ್ಮ ನೆರಳು ನೀವು ಹೆಚ್ಚುತ್ತಿರುವ ತರಕಾರಿ ಮೇಲೇ ಬೀಳುತ್ತದೆ. ಟ್ಯೂಬ್‌ಲೈಟ್ ಎಷ್ಟು ದೊಡ್ಡದು ಹಾಕಿಸಿದರೂ ಈ ನೆರಳು ಹೋಗುವುದಿಲ್ಲ. ಬೆಳಕು ನಿಮ್ಮ ಮುಂದೆ ಬರಬೇಕು.

ನಿಮ್ಮ ಕಟ್ಟೆಯ ಮೇಲ್ಗಡೆ ಕಡಪಾ ಶೆಲ್ಫ್ ಇದ್ದರೆ ಕೆಲಸ ಸುಲಭ. ಕಲ್ಲಿನ ಅಂಚಿಗೆ ಕಚ್ಚಿಕೊಳ್ಳುವ ಕ್ಲಿಪ್ ಲೈಟ್ ಸಿಗುತ್ತದೆ. ಮೊಳೆಯೂ ಬೇಡ, ಅಂಟೂ ಬೇಡ. ಕೊಳ್ಳುವ ಮುಂಚೆ ಕಲ್ಲಿನ ದಪ್ಪ ಅಳತೆ ತೆಗೆದುಕೊಳ್ಳಿ, ಕ್ಲಿಪ್ಪಿನ ಬಾಯಿ ಅಷ್ಟು ತೆರೆಯಬೇಕು. ಶೆಲ್ಫ್ ಇಲ್ಲದಿದ್ದರೆ ಎರಡು ಅಡಿ ಉದ್ದದ 10 ವ್ಯಾಟ್‌ನ ಎಲ್‌ಇಡಿ ಬ್ಯಾಟನ್ ತಂದು, ಟೈಲ್ಸ್ ಮೇಲೆ ಅಂಟಿಸುವ ಹುಕ್ಕಿಗೆ ಸಿಕ್ಕಿಸಿ, ಬೆಳಕು ಕೆಳಮುಖ ಬೀಳುವ ಹಾಗೆ ಕೂರಿಸಿ. ಒಲೆಯ ಮೇಲೆ ಬೇಡ, ಸಿಂಕಿನ ಮೇಲೂ ಬೇಡ. ಎರಡರ ನಡುವೆ, ಹೆಚ್ಚುವ ಜಾಗದ ಮೇಲೆ ಇರಲಿ.

ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ, ಅದನ್ನು ನೋಡಿ ತನ್ನಿ. 3000 ಕೆಲ್ವಿನ್ ಅಂದರೆ ಹಳದಿ ಬೆಳಕು, 6500 ಅಂದರೆ ನೀಲಿ ಕಡೆಗೆ ತಿರುಗಿದ ಬಿಳಿ. ಅಡುಗೆ ಕಟ್ಟೆಗೆ 4000 ಹೊಂದುತ್ತದೆ. ಗುಲಾಬಿ ಟೈಲ್ಸ್ ಇರುವ ಕಡೆ 6500 ಹಾಕಿದರೆ ಗೋಡೆಗಳು ಸಪ್ಪೆಯಾಗಿ, ಮಸುಕಾಗಿ ಕಾಣುತ್ತವೆ. ಟೈಲ್ಸ್ ಚೆನ್ನಾಗಿಲ್ಲ ಅಂತ ನಿಮಗೆ ಅನ್ನಿಸುತ್ತಿರುವುದರಲ್ಲಿ ಅರ್ಧ ಪಾಲು ಈ ಬೆಳಕಿನದೇ ಇರಬಹುದು. ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ ಅದು. 80ಕ್ಕಿಂತ ಕಡಿಮೆ ಇರುವುದನ್ನು ತರಬೇಡಿ. ಸೊಪ್ಪಿನಲ್ಲಿ ಹುಳ ಇದೆಯಾ, ಈರುಳ್ಳಿ ಕೆಂಪಗಾಯಿತಾ ಅಂತ ಗೊತ್ತಾಗಬೇಕಲ್ಲ.

ಇನ್ನೊಂದು ಸಣ್ಣ ಉಪಾಯ. ಕಡಪಾ ಕಲ್ಲು ಕಪ್ಪು, ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಶೆಲ್ಫುಗಳ ಮೇಲೆ ತಿಳಿ ಬಣ್ಣದ, ಒರೆಸಬಹುದಾದ ಪ್ಲಾಸ್ಟಿಕ್ ಶೀಟ್ ಹಾಸಿ. ಅಂಟಿರುವ ಶೀಟ್ ಅಲ್ಲ, ಸುಮ್ನೆ ಹಾಸುವಂಥದ್ದು. ಡಬ್ಬಿಗಳ ಭಾರಕ್ಕೇ ಅದು ನಿಲ್ಲುತ್ತದೆ. ತಿಂಗಳಿಗೊಮ್ಮೆ ತೆಗೆದು ಒರೆಸಿದರೆ ಜಿರಳೆ ಮೊಟ್ಟೆಯೂ ಕಣ್ಣಿಗೆ ಬೀಳುತ್ತದೆ. ಅಂಟಿಸಿದ ಶೀಟಿನ ಕೆಳಗೆ ಅದು ಕಾಣುವುದೇ ಇಲ್ಲ.

ಈಗ ಹೊಗೆ. ಗೋಡೆ ಒಡೆಯದೆ ಎಕ್ಸಾಸ್ಟ್ ಫ್ಯಾನ್ ಕೂರಿಸಲು ಹಳೆಯ ಮನೆಗಳಲ್ಲಿ ಎರಡು ದಾರಿ ಇವೆ. ಮೇಲೆ ವೆಂಟಿಲೇಟರ್ ಇದ್ದು, ಅದರಲ್ಲಿ ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳಿದ್ದರೆ, ಆ ಪಟ್ಟಿಗಳು ಜಾರಿಸಿದರೆ ಹೊರಗೆ ಬರುತ್ತವೆ. ಅವನ್ನು ತೆಗೆದು, ಆ ಜಾಗಕ್ಕೆ ಸರಿಯಾಗಿ ಪ್ಲೈವುಡ್ ಕತ್ತರಿಸಿ, ಫ್ಯಾನನ್ನು ಪ್ಲೈವುಡ್ಡಿಗೆ ಕೂರಿಸಿ, ಚೌಕಟ್ಟಿನೊಳಗೆ ಬಿಗಿ ಮಾಡಿಸಿ. ಗಾಜಿನ ಪಟ್ಟಿಗಳನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಅಟ್ಟದ ಮೇಲಿಡಿ. ವೆಂಟಿಲೇಟರ್ ಇಲ್ಲದೆ ಗ್ರಿಲ್ ಇರುವ ಕಿಟಕಿ ಮಾತ್ರ ಇದ್ದರೆ, ಅದೇ ಪ್ಲೈವುಡ್ ಹಲಗೆಯನ್ನು ಗ್ರಿಲ್ಲಿನ ಒಳಮೈಗೆ ಯು ಆಕಾರದ ಕ್ಲ್ಯಾಂಪ್ ಹಾಕಿ ಬಿಗಿಸಬಹುದು. ಗೋಡೆಗೆ ಒಂದು ತೂತೂ ಬೀಳುವುದಿಲ್ಲ. ನೀರು ತಡೆಯುವ ಪ್ಲೈವುಡ್ಡೇ ತನ್ನಿ. ಜೂನ್ ಬಂದರೆ ಎರಚಲು ಹೊಡೆಯುತ್ತದೆ, ಸಾಮಾನ್ಯ ಪ್ಲೈ ಉಬ್ಬಿಕೊಳ್ಳುತ್ತದೆ.

ಫ್ಯಾನ್ ಹಾಕಿಸಿಯೂ ಹೊಗೆ ಹೋಗುತ್ತಿಲ್ಲ ಅನ್ನುವ ದೂರು ತುಂಬಾ ಕೇಳುತ್ತೇನೆ. ಕಾರಣ ಸಾಮಾನ್ಯವಾಗಿ ಒಂದೇ. ಫ್ಯಾನ್ ಪಕ್ಕದ ಕಿಟಕಿ ಬಾಗಿಲು ತೆರೆದಿರುತ್ತದೆ. ಫ್ಯಾನ್ ಅಲ್ಲಿಂದಲೇ ಹೊಸ ಗಾಳಿ ಎಳೆದು ಅಲ್ಲೇ ಹೊರಗೆ ಹಾಕುತ್ತದೆ. ಒಲೆ ಮೇಲಿನ ಹೊಗೆ ಇದ್ದಲ್ಲೇ ಇರುತ್ತದೆ. ಫ್ಯಾನ್ ತಿರುಗುವಾಗ ಪಕ್ಕದ ಕಿಟಕಿ ಮುಚ್ಚಿ, ಎದುರುಗಡೆಯ ಬಾಗಿಲು ತೆರೆದಿಡಿ. ಗಾಳಿ ಬಾಗಿಲಿಂದ ಬಂದು, ಒಲೆ ಮೇಲೆ ಹಾದು, ಹೊರಗೆ ಹೋಗಬೇಕು. ಒಣಮೆಣಸಿನಕಾಯಿ ಒಗ್ಗರಣೆಗೆ ಎಣ್ಣೆ ಕಾಯಲು ಇಡುವಾಗಲೇ ಫ್ಯಾನ್ ಹಾಕಿ. ಘಾಟು ಎದ್ದ ಮೇಲೆ ಹಾಕಿದರೆ ಅದು ಆಗಲೇ ಹಾಲಿಗೆ ಹೋಗಿರುತ್ತದೆ.

ಗ್ಯಾಸ್ ವಾಸನೆ ಬಂದಾಗ ಮಾತ್ರ ಈ ಫ್ಯಾನ್ ಹಾಕಲೇಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್. ಅತ್ತೆಯವರಿಗೂ ಇದನ್ನು ಹೇಳಿಡಿ.

ಗ್ಯಾಸಿನ ಮಾತು ಬಂದದ್ದು ಒಳ್ಳೆಯದಾಯಿತು. ಬಾಗಿಲಿಲ್ಲದ ಕಟ್ಟೆಯ ಕೆಳಗಿನ ಜಾಗವನ್ನು ಪರದೆ ಹಾಕಿ ಮುಚ್ಚುವುದು ಎಲ್ಲರಿಗೂ ಹೊಳೆಯುವ ಉಪಾಯ. ಎರಡು ಗೋಡೆಗಳ ನಡುವೆ ಸ್ಪ್ರಿಂಗ್ ರಾಡ್ ಸಿಕ್ಕಿಸಿದರೆ ಸಾಕು, ಮೊಳೆ ಬೇಡ. ಪಾತ್ರೆ, ಅಕ್ಕಿ ಡ್ರಮ್ ಇರುವ ಕಡೆ ಖಂಡಿತ ಹಾಕಿ. ಸಿಲಿಂಡರ್ ಇರುವ ಗೂಡಿಗೆ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರು ಹರಡಿದ ಹಾಗೆ ಹರಡಿ ನಿಲ್ಲುತ್ತದೆ. ಪರದೆ ನೆಲದವರೆಗೆ ಇಳಿದಿದ್ದರೆ ಅದು ಅಲ್ಲೇ ಕೂಡಿಕೊಳ್ಳುತ್ತದೆ, ವಾಸನೆಯೂ ಬೇಗ ಬರುವುದಿಲ್ಲ. ಉಳಿದ ಗೂಡುಗಳಿಗೂ ಹತ್ತಿ ಬಟ್ಟೆಯದೇ ಹಾಕಿ. ಸಿಂಥೆಟಿಕ್ ಬಟ್ಟೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನೆಲದಿಂದ ನಾಲ್ಕು ಬೆರಳು ಮೇಲಕ್ಕೇ ನಿಲ್ಲಿಸಿ, ಒರೆಸಲೂ ಅನುಕೂಲ.

ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು. ಗ್ಯಾಸ್ ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ಆಗಿದ್ದರೆ ಬದಲಾಯಿಸಿ. ಅಡುಗೆಮನೆ ಹೊಸದು ಮಾಡುವ ಖರ್ಚಿನಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ. ನೀವು ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಇನ್ನು ತಗ್ಗು ಕಟ್ಟೆ. ಇಲ್ಲಿ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಗ್ಗು ಅನ್ನುವುದು ಯಾರಿಗೆ, ಯಾವ ಕೆಲಸಕ್ಕೆ ಅಂತ ನೋಡಬೇಕು. ಹೆಚ್ಚುವ ಕೆಲಸಕ್ಕೆ ಕಟ್ಟೆ ನಿಮ್ಮ ಮೊಣಕೈಗಿಂತ ಸುಮಾರು ನಾಲ್ಕು ಇಂಚು ಕೆಳಗಿರಬೇಕು. ಅದಕ್ಕಿಂತ ತಗ್ಗಿದ್ದರೆ ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ. ಆದರೆ ಒಲೆ ತನ್ನದೇ ಎತ್ತರ ತರುತ್ತದೆ, ಅದರ ಮೇಲೆ ಪಾತ್ರೆ ಕೂರುತ್ತದೆ. ಹಾಗಾಗಿ ಒಲೆ ಇರುವ ಕಡೆ ಕಟ್ಟೆ ತಗ್ಗಾಗಿರುವುದೇ ಸರಿ. ನಿಮ್ಮ ಅತ್ತೆ ಮಂಡ್ಯದವರು, ಮನೆಯಲ್ಲಿ ಮುದ್ದೆ ಆಗುತ್ತದೆ, ಅಲ್ವಾ? ಮುದ್ದೆ ತಿರುವಲು ಮೇಲಿಂದ ಕೆಳಕ್ಕೆ ಭಾರ ಹಾಕಬೇಕು. ಪಾತ್ರೆ ಎದೆ ಮಟ್ಟಕ್ಕೆ ಬಂದರೆ ಭುಜ ಸೋಲುತ್ತದೆ, ಕೋಲು ತಿರುಗುವುದಿಲ್ಲ. ಎತ್ತರದ ಹೊಸ ಮಾಡ್ಯುಲರ್ ಕಟ್ಟೆಗಳ ಮೇಲೆ ಮುದ್ದೆ ಮಾಡುವವರನ್ನು ಕೇಳಿ ನೋಡಿ. ಪಾತ್ರೆ ಇಳಿಸಿಕೊಂಡು ನೆಲಕ್ಕೇ ಬರುತ್ತಾರೆ.

ಆದ್ದರಿಂದ ಕಟ್ಟೆ ಎತ್ತರಿಸುವ ಯೋಚನೆ ಬಿಡಿ. ಹೆಚ್ಚುವ ಜಾಗವನ್ನು ಮಾತ್ರ ಎತ್ತರಿಸಿ. ದಪ್ಪ ಮರದ ಮಣೆಗೆ ಬಡಗಿ ಹತ್ತಿರ ಮೂರು ನಾಲ್ಕು ಇಂಚಿನ ಗಿಡ್ಡ ಕಾಲು ಹೊಡೆಸಿ, ಕಾಲಿಗೆ ರಬ್ಬರ್ ಬುಷ್ ಹಾಕಿಸಿ. ನಿಮ್ಮ ಎತ್ತರಕ್ಕೆ ತಕ್ಕ ಕಟ್ಟೆ ಅದೇ. ಮನೆ ಬದಲಾಯಿಸಿದರೆ ನಿಮ್ಮ ಜೊತೆ ಬರುತ್ತದೆ. ಮುದ್ದೆಗೆ ಒಲೆಯ ಪಕ್ಕದಲ್ಲೇ ಒಂದೂವರೆ ಅಡಿ ಕಟ್ಟೆ ಖಾಲಿ ಬಿಡಿ. ಅಲ್ಲಿ ಒದ್ದೆ ಬಟ್ಟೆ ಮಡಿಸಿ ಹಾಕಿ ಪಾತ್ರೆ ಇಟ್ಟರೆ ಜಾರುವುದಿಲ್ಲ, ಕವೆಗೋಲು ಹಿಡಿಯಲು ಜಾಗವೂ ಸಿಗುತ್ತದೆ.

ಅತ್ತೆಯವರಿಗೆ ಮಂಡಿನೋವು ಅಂದಿರಿ. ನೆಲದಲ್ಲಿ ಕೂತು ಈಳಿಗೆ ಮಣೆಯಲ್ಲಿ ಹೆಚ್ಚುವ ಅಭ್ಯಾಸ ಇದ್ದರೆ ಈಗ ಅದು ಕಷ್ಟ. ತುಂಬಾ ಹೊತ್ತು ನಿಲ್ಲುವುದೂ ಕಷ್ಟ. ಕೂತು ಕೆಲಸ ಮಾಡಲು ಒಂದು ಜಾಗ ಬೇಕೇ ಬೇಕು. ಹಿಡಿದುಕೊಳ್ಳಲು ಕೈ ಇರುವ ಗಟ್ಟಿ ಕುರ್ಚಿ, ಅದರ ಮುಂದೆ ತೊಡೆಯ ಮೇಲೆ ಬರುವಷ್ಟು ಎತ್ತರದ ಮಡಚುವ ಟೇಬಲ್, ಎರಡೂ ಕಿಟಕಿ ಬೆಳಕಿಗೆ. ಸೊಪ್ಪು ಬಿಡಿಸಲು, ಅವರೆಕಾಳು ಹಿಸುಕಲು, ತೆಂಗಿನಕಾಯಿ ತುರಿಯಲು ಅದು ಸಾಕು. ಜಾಗ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಚಕ್ರದ ಟ್ರಾಲಿ, ಮೂಲೆ ರ್‍ಯಾಕು, ಈರುಳ್ಳಿ ಬುಟ್ಟಿ ಸ್ಟ್ಯಾಂಡು ಅಂತ ನೆಲದ ಮೇಲೆ ಇಡುವ ಸಾಮಾನು ತರದಿದ್ದರೆ ಬರುತ್ತದೆ. ಬಾಡಿಗೆ ಮನೆಗೆ ಟ್ರಾಲಿಯೇ ಪರಿಹಾರ ಅಂತ ಎಲ್ಲರೂ ಹೇಳುತ್ತಾರೆ. ಚಿಕ್ಕ ಅಡುಗೆಮನೆಯಲ್ಲಿ, ವಯಸ್ಸಾದವರು ಓಡಾಡುವ ಕಡೆ, ತಳ್ಳಿದರೆ ಸರಿಯುವ ವಸ್ತು ಅಪಾಯ. ಆಯ ತಪ್ಪಿದಾಗ ಕೈ ಮೊದಲು ಅದನ್ನೇ ಹಿಡಿಯುತ್ತದೆ.

ಸಾಮಾನಿಗೆ ಜಾಗ ಬೇಕಾದರೆ ಗೋಡೆಗೆ ಒರಗಿ ನಿಲ್ಲುವ, ಆಳ ಕಡಿಮೆ ಇರುವ ಸ್ಲಾಟೆಡ್ ಆಂಗಲ್ ರ್‍ಯಾಕ್ ಒಂದು ಮಾಡಿಸಿ. ನಟ್ಟು ಬೋಲ್ಟಿನದು, ಬಿಚ್ಚಿದರೆ ಪಟ್ಟಿಗಳಾಗಿ ಒಂದು ಕಟ್ಟಿಗೆ ಬರುತ್ತದೆ. ಭಾರದ ಡಬ್ಬಿಗಳು ಕೆಳಗಿನ ತಟ್ಟೆಯಲ್ಲಿರಲಿ. ಅತ್ತೆ ದಿನಾ ಮುಟ್ಟುವ ವಸ್ತುಗಳೆಲ್ಲ, ರಾಗಿಹಿಟ್ಟು, ಉಪ್ಪು, ಹುಣಸೆಹಣ್ಣು, ಸೊಂಟದಿಂದ ಭುಜದ ಮಟ್ಟದ ಒಳಗೆ ಇರಲಿ. ಸ್ಟೂಲ್ ಹತ್ತುವ ಕೆಲಸ ಅವರಿಗೆ ಬರಲೇಬಾರದು.

ಈಗ ನೀವು ಕಾಯುತ್ತಿರುವ ಟೈಲ್ಸ್. ಸ್ಟಿಕ್ಕರ್ ತರುವ ಮುಂಚೆ ಒಂದು ಭಾನುವಾರ ಟೈಲ್ಸ್ ತೊಳೆಯಿರಿ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗೆ ಗ್ಲೌಸ್ ಹಾಕಿಕೊಂಡು, ಬಟ್ಟೆ ಅದ್ದಿ ಟೈಲ್ಸ್ ಮೇಲೆ ಕಾಲು ಗಂಟೆ ಅಂಟಿಸಿಬಿಡಿ. ಹಳೆಯ ಜಿಡ್ಡು ಮೆತ್ತಗಾಗುತ್ತದೆ. ಟೈಲ್ಸ್ ನಡುವಿನ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಎಷ್ಟೋ ಮನೆಗಳಲ್ಲಿ ಕೊಳಕಾಗಿ ಕಾಣುವುದು ಟೈಲ್ಸ್ ಅಲ್ಲ, ಈ ಗೆರೆಗಳು. ಅವು ಬೆಳ್ಳಗಾದರೆ ಗುಲಾಬಿ ಬಣ್ಣಕ್ಕೇ ಒಂದು ಅಂದ ಬರುತ್ತದೆ. ಸೋಡಾ ನೀರನ್ನು ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ತಾಗಿಸಬೇಡಿ, ಕಪ್ಪಾಗುತ್ತದೆ.

ಆಸಿಡ್ ಬಳಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅಡ್ವಾನ್ಸ್ ದುಡ್ಡು ಹೋಗುವುದು ಇಲ್ಲೇ. ಟೈಲ್ಸ್ ನಡುವಿನ ಸಿಮೆಂಟನ್ನು ಆಸಿಡ್ ತಿನ್ನುತ್ತದೆ. ಕಡಪಾ ಕಲ್ಲು ಸುಣ್ಣದಕಲ್ಲಿನ ಜಾತಿಯದು, ಗ್ರಾನೈಟ್ ಅಲ್ಲ. ಟಾಯ್ಲೆಟ್ ಕ್ಲೀನರ್ ಇರಲಿ, ನಿಂಬೆರಸ, ವಿನಿಗರ್, ಹುಣಸೆ ನೀರು ಬಿದ್ದು ಹಾಗೇ ಉಳಿದರೂ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅದು ಮೇಲೆ ಕೂತ ಕಲೆ ಅಲ್ಲ, ಕಲ್ಲೇ ಸವೆದಿರುತ್ತದೆ. ನೆಲ ಹಳೆಯ ಮೊಸಾಯಿಕ್ ಆಗಿದ್ದರೆ ಅದರಲ್ಲಿ ಅಮೃತಶಿಲೆಯ ಚೂರುಗಳಿರುತ್ತವೆ, ಅವಕ್ಕೂ ಇದೇ ಗತಿ. ನಲ್ಲಿಗೆ ಕಟ್ಟಿದ ಬಿಳಿ ಉಪ್ಪನ್ನು ನಿಂಬೆ ಹೋಳಿನಿಂದ ಉಜ್ಜಬಹುದು, ಆದರೆ ಕೆಳಗೆ ಕಲ್ಲಿಗೆ ತೊಟ್ಟಿಕ್ಕದ ಹಾಗೆ ಬಟ್ಟೆ ಹಾಸಿ, ತಕ್ಷಣ ತೊಳೆಯಿರಿ. ಬ್ಲೀಚ್ ಮತ್ತು ಆಸಿಡ್ ಒಟ್ಟಿಗೆ ಸೇರಿದರೆ ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಒಂದೇ ದಿನ ಎರಡನ್ನೂ ಕೈಗೆತ್ತಿಕೊಳ್ಳಬೇಡಿ.

ತೊಳೆದ ಮೇಲೂ ಮನಸ್ಸು ಒಪ್ಪದಿದ್ದರೆ ಸ್ಟಿಕ್ಕರ್ ಹಚ್ಚಿ. ಪಿವಿಸಿ ಸ್ಟಿಕ್ಕರ್ ಶೀಟ್ ಹೊಳಪಿನ ಟೈಲ್ಸ್ ಮೇಲೆ ಚೆನ್ನಾಗಿ ಕೂತು, ಚೆನ್ನಾಗಿಯೇ ಬಿಡುತ್ತದೆ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆ ಮೇಲೆ ಹಚ್ಚಿದರೆ ಕೀಳುವಾಗ ಬಣ್ಣವನ್ನೂ ಚಕ್ಕೆ ಚಕ್ಕೆಯಾಗಿ ಎಳೆದುಕೊಂಡು ಬರುತ್ತದೆ. ಅಂಟಿಸುವ ಹುಕ್ಕುಗಳಿಗೂ ಇದೇ ಮಾತು. ಟೈಲ್ಸ್ ಮೇಲೆ ಮಾತ್ರ, ಪ್ಯಾಕೆಟ್ ಮೇಲೆ ಬರೆದ ತೂಕದ ಒಳಗೆ ಮಾತ್ರ.

ಒಲೆಯ ಹಿಂದೆ, ಅದರ ಎರಡೂ ಪಕ್ಕ ಒಂದೂವರೆ ಅಡಿ ಸ್ಟಿಕ್ಕರ್ ಬೇಡ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಅಗಲದ ಬಾಣಲೆ ಇಟ್ಟಾಗ ಉರಿ ಅದರ ಅಂಚು ದಾಟಿ ಗೋಡೆ ಕಡೆ ಬರುತ್ತದೆ, ಟೈಲ್ಸ್ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಆಯಿಲ್ ಪ್ರೂಫ್ ಅಂತ ಮಾರುವ ಬೆಳ್ಳಿ ಬಣ್ಣದ ಹಾಳೆಗೂ ಹಿಂದೆ ಇರುವುದು ಅಂಟೇ. ಆ ಜಾಗದಲ್ಲಿ ಒಂದು ಸ್ಟೀಲ್ ಶೀಟ್ ಕತ್ತರಿಸಿ, ಅಂಚು ಮಡಿಸಿ ತಂದು, ಕಟ್ಟೆ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿ. ವಾರಕ್ಕೊಮ್ಮೆ ಎತ್ತಿ ಸಿಂಕಿನಲ್ಲಿ ತೊಳೆಯಬಹುದು. ಸಾಂಬಾರ್ ಸಿಡಿತಕ್ಕೆ ಇದಕ್ಕಿಂತ ಒಳ್ಳೆಯ ಗೋಡೆ ಇಲ್ಲ.

ಹಚ್ಚುವ ರೀತಿ ಮುಖ್ಯ. ಇಡೀ ಗೋಡೆಗೆ ಒಂದೇ ಉದ್ದ ಶೀಟ್ ಎಳೆಯಬೇಡಿ. ಒಂದೊಂದು ಟೈಲ್ಸ್ ಅಳತೆಗೆ ಕತ್ತರಿಸಿ ಬಿಡಿಬಿಡಿಯಾಗಿ ಹಚ್ಚಿ. ಒಂದು ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು, ಕೆಳಗಿನ ಗೆರೆಗಳೂ ಉಬ್ಬಿ ಕಾಣುವುದಿಲ್ಲ. ಕಟ್ಟೆಗೆ ತಾಗುವ ಕಡೆ ಕಾಲಿಂಚು ಬಿಟ್ಟೇ ಹಚ್ಚಿ. ಅಂಚಿನಿಂದ ನೀರು ಒಳಗೆ ಹೋದರೆ ಹಿಂದೆ ಕಪ್ಪು ಬೂಷ್ಟು ಕಟ್ಟುತ್ತದೆ. ತೊಳೆದು ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ ಆಮೇಲೆ ಹಚ್ಚಿ. ಸ್ಪಿರಿಟ್ ತೆಗೆದಾಗ ಒಲೆ ಆರಿರಲಿ. ಮೊದಲು ಬಾಗಿಲ ಹಿಂದೆ ಒಂದೇ ಟೈಲ್ಸ್‌ಗೆ ಹಚ್ಚಿ, ವಾರ ಬಿಟ್ಟು ಕಿತ್ತು ನೋಡಿ. ಶುಚಿಯಾಗಿ ಬಂದರೆ ಮಿಕ್ಕಿದ್ದು ತನ್ನಿ. ಬಣ್ಣದ ವಿಷಯದಲ್ಲಿ ನನ್ನ ಆಯ್ಕೆ ಕೆನೆ ಬಣ್ಣ, ಇಲ್ಲವೇ ಮಾಸಲು ಹಸಿರು. ಅಲ್ಲಲ್ಲಿ ಗುಲಾಬಿ ಉಳಿದರೂ ಇವುಗಳ ಜೊತೆ ಹೊಂದಿಕೊಳ್ಳುತ್ತದೆ. ಕರಿ ಬಿಳಿ ಚಿತ್ತಾರದ್ದು ಚಿಕ್ಕ ಕೋಣೆಯಲ್ಲಿ ಕಣ್ಣಿಗೆ ದಣಿವು.

ಕೀಳುವಾಗ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ, ಮೂಲೆಯಿಂದ ಎತ್ತಿ, ಗೋಡೆಗೆ ಹತ್ತಿರವಾಗಿ ಹಿಂದಕ್ಕೆ ಮಡಿಸಿ ನಿಧಾನಕ್ಕೆ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ಪಾತ್ರೆ ಸೋಪಿನಿಂದ ತೊಳೆಯಿರಿ. ಮೊಂಡು ಅಂಟಿಗೆ ನೀಲಗಿರಿ ಎಣ್ಣೆ ಕೆಲಸ ಮಾಡುತ್ತದೆ, ಒಲೆ ಆರಿರಬೇಕು. ಬ್ಲೇಡ್ ಬೇಡ, ಟೈಲ್ಸ್ ಮೇಲೆ ಗೀರು ಬಿದ್ದರೆ ಮತ್ತೆ ಹೋಗುವುದಿಲ್ಲ.

ಪ್ಲಗ್ ಪಾಯಿಂಟ್ ಎರಡೇ ಅಂದಿರಿ. ಇಲ್ಲಿ ಹೊಸ ವೈರ್ ಎಳೆಸುವ ಸಾಹಸ ಬೇಡ, ಇರುವುದನ್ನು ಲೆಕ್ಕ ಹಾಕಿ ಬಳಸಿ. ಉಪಕರಣದ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸುಮಾರಾಗಿ ಸಿಗುತ್ತದೆ. 750 ವ್ಯಾಟ್‌ನ ಮಿಕ್ಸಿ ಮೂರು ಚಿಲ್ಲರೆ ಆಂಪಿಯರ್, 700 ವ್ಯಾಟ್‌ನ ರೈಸ್ ಕುಕ್ಕರ್ ಮೂರು. ಎರಡೂ 6 ಆಂಪಿಯರ್‌ನ ಚಿಕ್ಕ ಪ್ಲಗ್ಗಿಗೆ ಬಿಡಿಬಿಡಿಯಾಗಿ ಸರಿ, ಒಟ್ಟಿಗೆ ಹಾಕಿದರೆ ಮಿತಿ ದಾಟುತ್ತದೆ. 1500 ವ್ಯಾಟ್‌ನ ಕೆಟಲ್ ಒಂದೇ ಆರೂವರೆ ಎಳೆಯುತ್ತದೆ. 2000 ವ್ಯಾಟ್‌ನ ಇಂಡಕ್ಷನ್ ಎಂಟೂವರೆ ದಾಟುತ್ತದೆ. ಇವೆರಡಕ್ಕೂ 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು, ನೇರವಾಗಿ. ಪಿನ್ ಬದಲಾಯಿಸುವ ಅಡಾಪ್ಟರ್ ಸಿಕ್ಕಿಸಿ ಚಿಕ್ಕ ಪ್ಲಗ್ಗಿಗೆ ಹಾಕಬೇಡಿ. ಎಕ್ಸ್‌ಟೆನ್ಷನ್ ಬೋರ್ಡ್ ಲೈಟಿಗೆ, ಎಕ್ಸಾಸ್ಟ್ ಫ್ಯಾನಿಗೆ ಇರಲಿ. ಅದರ ವೈರ್ ಸಿಂಕಿನ ಕಡೆ ಹಾದುಹೋಗದಿರಲಿ.

ನಲ್ಲಿ, ಹಿಡಿಕೆ ಇಂಥವು ಬದಲಾಯಿಸಿದರೆ ಹಳೆಯದನ್ನು ಬಿಸಾಡಬೇಡಿ. ಸ್ಕ್ರೂ ಸಮೇತ ಒಂದು ಚೀಲಕ್ಕೆ ಹಾಕಿಡಿ. ತಿರುಗುವ ನಲ್ಲಿ ಮೂತಿ ಒಂದು ಹಾಕಿಸಿದರೆ ಬಕೆಟ್ ತುಂಬಿಸುವ, ದೊಡ್ಡ ಪಾತ್ರೆ ತೊಳೆಯುವ ಕಷ್ಟ ಅರ್ಧ ಇಳಿಯುತ್ತದೆ. ನೀರಿನ ಫಿಲ್ಟರ್ ಗೋಡೆಗೆ ಬೇಡ, ಕಟ್ಟೆ ಮೇಲಿಡುವ ಸ್ಟ್ಯಾಂಡ್ ಕೇಳಿ ತರಿಸಿ.

ಇದೆಲ್ಲ ಶುರು ಮಾಡುವ ಮುಂಚೆ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅಡುಗೆಮನೆಯ ಮೂಲೆ ಮೂಲೆಯ ಫೋಟೋ ತೆಗೆಯಿರಿ. ಬಿರುಕು ಬಿಟ್ಟ ಟೈಲ್ಸ್, ಕಲೆ ಬಿದ್ದ ಕಲ್ಲು, ಅಲ್ಲಾಡುವ ನಲ್ಲಿ, ಹಿಂದಿನವರು ಹೊಡೆದ ಮೊಳೆ ತೂತು, ಎಲ್ಲ ಕಾಣಬೇಕು. ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ, ಜೊತೆಗೆ ಎರಡು ಸಾಲು ಬರೆಯಿರಿ: ‘ಸಾರ್, ಅಡುಗೆಮನೆ ವೆಂಟಿಲೇಟರ್ ಗಾಜಿನ ಪಟ್ಟಿ ತೆಗೆದು ಅಲ್ಲಿ ಫ್ಯಾನ್ ಕೂರಿಸ್ತೀವಿ, ಟೈಲ್ಸ್ ಮೇಲೆ ಕೀಳಬಹುದಾದ ಸ್ಟಿಕ್ಕರ್ ಹಾಕ್ತೀವಿ. ಗೋಡೆಗೆ ಮೊಳೆ ಹೊಡೆಯಲ್ಲ. ಖಾಲಿ ಮಾಡುವಾಗ ಎಲ್ಲ ಮೊದಲಿನ ಹಾಗೇ ಮಾಡಿಕೊಡ್ತೀವಿ. ಆಗಬಹುದಾ?’ ಕೆಳಗಡೆಯೇ ಇದ್ದಾರಲ್ಲ, ಮೊದಲು ಇಳಿದು ಹೋಗಿ ಬಾಯಲ್ಲಿ ಹೇಳಿ, ಆಮೇಲೆ ಮೆಸೇಜ್ ಕಳಿಸಿ. ಬರೀ ಮೆಸೇಜ್ ನೋಡಿದರೆ ಏನೋ ದೊಡ್ಡದು ಮಾಡುತ್ತಿದ್ದಾರೆ ಅಂತ ಗಾಬರಿಯಾಗಬಹುದು. ಅವರು ‘ಆಯ್ತು’ ಅಂತ ಬರೆದ ಆ ಒಂದು ಪದವನ್ನು ಅಳಿಸದೆ ಇಟ್ಟುಕೊಳ್ಳಿ.

ಕಾನೂನಿನ ಮಾತು ಚಿಕ್ಕದಾಗಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಬಾಡಿಗೆದಾರರು ತಾವು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆ ತಮ್ಮ ವಶದಲ್ಲಿರುವಾಗಲೇ ಬಿಚ್ಚಬೇಕು, ಮನೆಯನ್ನು ಮೊದಲಿನ ಸ್ಥಿತಿಯಲ್ಲೇ ಬಿಡಬೇಕು. ಕೀ ಕೊಟ್ಟ ಮೇಲೆ ನೆನಪಾಯಿತು ಅಂತ ಹೋದರೆ ಆ ಹಕ್ಕು ಇರುವುದಿಲ್ಲ. ದಿನಬಳಕೆಯಿಂದ ಸಹಜವಾಗಿ ಆದ ಸವೆತಕ್ಕೆ ನೀವು ಹೊಣೆ ಅಲ್ಲ ಅನ್ನುವುದೂ ಅದೇ ಸೆಕ್ಷನ್ನಿನಲ್ಲಿದೆ. ನಿಮ್ಮದು ಬಹುಶಃ 11 ತಿಂಗಳ ಅಗ್ರಿಮೆಂಟ್. ಅದನ್ನು ತೆಗೆದು ಒಮ್ಮೆ ಓದಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದಾಗಿ ಅದರಲ್ಲೇ ಬರೆದಿರುವುದು ನಮ್ಮ ಕಡೆ ಮಾಮೂಲು. ಬರೆದಿದ್ದರೆ ಅದು ಹೇಗೂ ಹೋಗುವ ದುಡ್ಡು. ಸ್ಟಿಕ್ಕರ್‌ನಿಂದ ಹೋಯಿತು ಅಂತ ಬೇಜಾರು ಬೇಡ.

15,000 ರೂಪಾಯಿಯಲ್ಲಿ ನಾನಾದರೆ ದೊಡ್ಡ ಪಾಲನ್ನು ಫ್ಯಾನು, ಅದರ ಹಲಗೆ, ಎಲೆಕ್ಟ್ರಿಷಿಯನ್ ಕೂಲಿ ಮತ್ತು ಆಂಗಲ್ ರ್‍ಯಾಕಿಗೆ ಇಡುತ್ತೇನೆ. ಕುರ್ಚಿ ಟೇಬಲ್ ಮನೆಯಲ್ಲಿ ಇದ್ದದ್ದೇ ಆಗಬಹುದು. ಲೈಟು, ಗ್ಯಾಸ್ ಪೈಪು, ಮಣೆ, ಪರದೆ ಇವು ಚಿಕ್ಕ ಖರ್ಚುಗಳು, ಅತ್ತೆ ಬರುವುದರೊಳಗೆ ಮುಗಿಸಿ. ಸ್ಟಿಕ್ಕರನ್ನು ಅವರು ಬಂದು ಒಂದು ತಿಂಗಳು ಅಡುಗೆ ಮಾಡಿದ ಮೇಲೆ ಇಬ್ಬರೂ ಕೂತು ತೀರ್ಮಾನಿಸಿ. ಬಣ್ಣ ಅವರಿಗೂ ಇಷ್ಟವಾಗಬೇಕಲ್ಲ.

ವೆಂಟಿಲೇಟರಿನ ಅಗಲ, ಎತ್ತರ, ಒಲೆಯಿಂದ ಅದಕ್ಕಿರುವ ದೂರ, ಈ ಮೂರು ಅಳತೆ ಬರೆದು ಕಳಿಸಿ. ನಿಮಗೆ 8 ಇಂಚಿನ ಫ್ಯಾನ್ ಸಾಕಾ, 10 ಇಂಚಿನದು ಹಿಡಿಸುತ್ತದಾ ಅಂತ ನೋಡಿ ಹೇಳುತ್ತೇನೆ.